ಸಾಕ್ಷಿ ಸಹಿ ಹಾಕಿದ ಹೆಂಡತಿಯಿಂದ ರಿಸರ್ವ್ ಬ್ಯಾಂಕ್ ಗವರ್ನರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಗವರ್ನರ್ ಅವರೇ,

ನಮಸ್ಕಾರ. ನಾನು ತುಮಕೂರಿನಲ್ಲಿ ಪತ್ರ ಬರಹಗಾರರೊಬ್ಬರ ಅಂಗಡಿಯಲ್ಲಿ ಟೈಪಿಂಗ್ ಮಾಡುವವಳು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರುವ ಜನ ಮೊದಲು ನಮ್ಮ ಬೆಂಚಿನ ಮೇಲೆ ಕೂರುತ್ತಾರೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಡುವುದು ನನ್ನ ಕೆಲಸ. ಹದಿನಾರು ವರ್ಷ ಆಯ್ತು. ಚಕ್ಕುಬಂದಿಯಲ್ಲಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ ಬರೆಯುವಾಗ, ಪೂರ್ವ ಪಶ್ಚಿಮ ಅದಲು ಬದಲಾದರೆ ಏನಾಗುತ್ತೆ ಅಂತ ಗೊತ್ತು. ಹೆಸರಲ್ಲಿ ಒಂದು ಇನಿಷಿಯಲ್ ಬಿಟ್ಟುಹೋದರೆ ತಿದ್ದುಪಡಿ ಪತ್ರಕ್ಕೆ ಎಷ್ಟು ಓಡಾಡಬೇಕು ಅಂತಲೂ ಗೊತ್ತು.

2019ರಲ್ಲಿ ನಮ್ಮದೇ ಮನೆಯ ಕ್ರಯಪತ್ರವನ್ನೂ ನಾನೇ ಟೈಪ್ ಮಾಡಿದೆ. 30×40ರ ಸೈಟು, ಎರಡು ರೂಮಿನ ಮನೆ. ಕೊಳ್ಳುವವರ ಜಾಗದಲ್ಲಿ ನಮ್ಮ ಯಜಮಾನರ ಹೆಸರು, ಮುಂದೆ ‘ಬಿನ್’ ಅಂತ ಹಾಕಿ ಮಾವನವರ ಹೆಸರು. ನನ್ನ ಹೆಸರು ಇರುವುದು ಕೊನೇ ಪುಟದಲ್ಲಿ. ಸಾಕ್ಷಿಗಳು ಅನ್ನುವ ಕಡೆ, ಎರಡನೆಯದು. ನಾನೇ ಟೈಪ್ ಮಾಡಿ, ನಾನೇ ಪ್ರೂಫ್ ನೋಡಿ, ನಾನೇ ಸಹಿ ಹಾಕಿದೆ. ಅವತ್ತು ಏನೂ ಅನ್ನಿಸಲಿಲ್ಲ. ಮೈಸೂರು ಪಾಕ್ ಹಂಚುವ ಗಡಿಬಿಡಿಯಲ್ಲಿದ್ದೆ.

ಹಾಗೆ ಮಾಡಿದ್ದಕ್ಕೆ ಕಾರಣ ಇತ್ತು. ನನ್ನ ಸಂಬಳ ಕೈಗೆ ಬರುತ್ತಿತ್ತು. ಸ್ಯಾಲರಿ ಸ್ಲಿಪ್ ಇಲ್ಲ, ಫಾರ್ಮ್ 16 ಇಲ್ಲ. ಲೋನ್ ಮಾಡಿಸಿಕೊಡಲು ಬಂದಿದ್ದ ಹುಡುಗ ಹೇಳಿದ: ‘ಮೇಡಂ ಹೆಸರು ಪತ್ರದಲ್ಲಿ ಬಂದ್ರೆ ಅವರನ್ನೂ ಲೋನಿಗೆ ಸೇರಿಸ್ಲೇಬೇಕು ಸಾರ್. ಅವರ ಇನ್‌ಕಮ್ ತೋರ್ಸೋಕೆ ಆಗಲ್ಲ. ಸುಮ್ನೆ ಫೈಲ್ ಲೇಟಾಗುತ್ತೆ.’ ಹದಿನೈದು ದಿನದೊಳಗೆ ರಿಜಿಸ್ಟ್ರೇಷನ್ ಆಗದಿದ್ದರೆ ಮುಂಗಡ ಹೋಗುತ್ತಿತ್ತು. ಆಯ್ತು, ಒಬ್ಬರ ಹೆಸರಲ್ಲೇ ಇರಲಿ ಅಂದೆವು. 30 ಲಕ್ಷ ಸಾಲ, 20 ವರ್ಷ, ಶೇ 8.5 ಬಡ್ಡಿ. ತಿಂಗಳ ಕಂತು 26,035 ರೂಪಾಯಿ.

ಐದು ವರ್ಷ ಏನೂ ತೊಂದರೆ ಆಗಲಿಲ್ಲ. ಆಮೇಲೆ ಒಂದು ದಿನ ಇವರಿಗೆ ಎದೆನೋವು ಬಂತು, ಆಂಜಿಯೋಪ್ಲಾಸ್ಟಿ ಆಯ್ತು. ಈಗ ಚೆನ್ನಾಗಿದ್ದಾರೆ, ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಉಪ್ಪಿನಕಾಯಿಗೆ ಮಾತ್ರ ಇನ್ನೂ ಜಗಳ. ಆದರೆ ಆ ತಿಂಗಳು ಅಕೌಂಟಿನಲ್ಲಿದ್ದ ದುಡ್ಡು ಆಸ್ಪತ್ರೆಗೆ ಹೋಯಿತು. 5ನೇ ತಾರೀಕಿನ ಕಂತು ಬೌನ್ಸ್ ಆಯಿತು. ಇವರ ಫೋನಿಗೆ ಬಂದ ಕರೆಯನ್ನು ನಾನೇ ಎತ್ತಿದೆ. ‘ನಾವು ಸಾರ್ ಹತ್ರಾನೇ ಮಾತಾಡ್ಬೇಕು’ ಅಂದರು. ಸಾರ್ ಐಸಿಯುನಲ್ಲಿದ್ದಾರೆ ಅಂದೆ. ಫೋನ್ ಇಟ್ಟರು.

ಮಾರನೇ ದಿನ ಚೀಟಿ ದುಡ್ಡು ಎತ್ತಿಕೊಂಡು ಬ್ಯಾಂಕಿಗೆ ಹೋದೆ. ಒಟ್ಟು ಎಷ್ಟು ಕಟ್ಟಬೇಕು, ಬೌನ್ಸ್ ಚಾರ್ಜ್ ಎಷ್ಟು, ಇನ್ನು ಎಷ್ಟು ಅಸಲು ಬಾಕಿ ಇದೆ, ಇಷ್ಟೇ ಕೇಳಿದ್ದು. ಕೌಂಟರಿನ ಹುಡುಗಿ ಒಳ್ಳೆಯವಳೇ. ಕಂಪ್ಯೂಟರ್ ನೋಡಿದಳು, ನನ್ನ ಮುಖ ನೋಡಿದಳು. ‘ಮೇಡಂ, ಲೋನಲ್ಲಿ ನಿಮ್ಮ ಹೆಸರೇ ಇಲ್ವಲ್ಲ. ದುಡ್ಡು ಯಾರು ಬೇಕಾದ್ರೂ ಕಟ್ಟಬಹುದು. ಡೀಟೇಲ್ಸ್ ಕೊಡೋಕೆ ಬರಲ್ಲ.’ ಕಂತಿನ ಮೊತ್ತ ನನಗೇ ಗೊತ್ತಿತ್ತು. ಅದರ ಮೇಲೆ ಅಂದಾಜಿಗೆ ಒಂದು ಸಾವಿರ ಸೇರಿಸಿ ಕಟ್ಟಿ, ರಸೀದಿ ತಗೊಂಡು ಬಂದೆ. ರಸೀದಿಯಲ್ಲೂ ಇವರದೇ ಹೆಸರು.

ಆ ಹುಡುಗಿಯದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗ್ರಾಹಕರ ಗುಟ್ಟು ಕಾಪಾಡಬೇಕು ಅನ್ನುವುದು ನಿಯಮ, ಅವಳು ಪಾಲಿಸಿದಳು. ಆದರೆ ಆ ಗುಟ್ಟು ಎಷ್ಟರಮಟ್ಟಿನ ಗುಟ್ಟು ಅಂತ ನನ್ನ ಕೆಲಸದಿಂದಲೇ ನನಗೆ ಗೊತ್ತು. ನಮ್ಮ ಕಡೆ ಗೃಹಸಾಲ ಕೊಡುವಾಗ ಮೂಲಪತ್ರ ಬ್ಯಾಂಕಿಗೆ ಒಪ್ಪಿಸಿದ್ದಕ್ಕೆ ಎಂಓಡಿ ಅನ್ನುವ ಪತ್ರದ ನೋಂದಣಿ ಮಾಡಿಸುತ್ತಾರೆ. ಅದು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪತ್ರದಲ್ಲಿ, ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಫೀಸು ಕಟ್ಟಿದರೆ ನಮ್ಮ ಬೀದಿಯ ಬ್ರೋಕರ್ ಕೂಡ ನಮ್ಮ ಮನೆಯ ಇಸಿ ತೆಗೆಯಬಹುದು. ಯಾವ ಬ್ಯಾಂಕು, ಯಾವ ತಾರೀಕು, ಎಷ್ಟು ಲಕ್ಷ ಅಂತ ಓದಬಹುದು. ಬ್ರೋಕರ್‌ಗೆ ಇಷ್ಟು ಗೊತ್ತಾಗುತ್ತೆ. ಆ ಮನೆಯಲ್ಲಿ ಅಡುಗೆ ಮಾಡಿ, ಆ ಮನೆಯ ಕಂತನ್ನು ಕೈಯಾರೆ ಕಟ್ಟಿ ಬಂದವಳಿಗೆ ಬಾಕಿ ಎಷ್ಟು ಅಂತ ಗೊತ್ತಾಗುವ ಹಾಗಿಲ್ಲ. ಇದು ವಿಚಿತ್ರ ಅಲ್ವಾ?

ಇನ್ನೊಂದು ವಿಚಿತ್ರ ಇದೆ. ರೇಷನ್ ಕಾರ್ಡಿನಲ್ಲಿ ನಮ್ಮ ಮನೆಯ ಯಜಮಾನಿ ನಾನು. 2013ರ ಆಹಾರ ಭದ್ರತಾ ಕಾಯ್ದೆಯೇ ಹಾಗೆ ಹೇಳಿದೆ, ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಅಂತ. ರಾಜ್ಯ ಸರ್ಕಾರ ಗೃಹಲಕ್ಷ್ಮಿ ಅಂತ 2,000 ರೂಪಾಯಿ ಹಾಕುವುದೂ ಯಜಮಾನಿಗೇ. ಇವರು ತೆರಿಗೆ ಕಟ್ಟುವುದರಿಂದ ನಮಗೆ ಬರಲ್ಲ, ಆ ಮಾತು ಬೇರೆ. ಅಕ್ಕಿ ತರುವಾಗ ಯಜಮಾನಿ, ಬ್ಯಾಂಕಿನ ಬಾಗಿಲಲ್ಲಿ ಯಾರೋ ಹೆಂಗಸು.

ಗವರ್ನರ್ ಅವರೇ, ನಿಮ್ಮ ಕೆಳಗಿನ ಬ್ಯಾಂಕುಗಳಲ್ಲಿ ಒಂದು ಪದ್ಧತಿ ನಡೆಯುತ್ತಿದೆ. ಆಸ್ತಿಯಲ್ಲಿ ಹೆಸರಿರುವವರೆಲ್ಲ ಸಾಲಕ್ಕೆ ಸಹಿ ಹಾಕಬೇಕು ಅಂತಾರೆ. ಆದರೆ ಸಾಲಕ್ಕೆ ಸಹಿ ಹಾಕಿದವರೆಲ್ಲ ಆಸ್ತಿಯಲ್ಲಿ ಇರಬೇಕು ಅಂತ ಹೇಳಲ್ಲ. ಮೊದಲನೆಯದು ಬ್ಯಾಂಕಿನ ರಕ್ಷಣೆಗೆ, ಸರಿ. ಎರಡನೆಯದನ್ನು ಕೇಳುವವರು ಯಾರೂ ಇಲ್ಲ. ಹಾಗಾಗಿ ನಮ್ಮ ಬೆಂಚಿನ ಮೇಲೆ ಎರಡು ತರಹದ ಹೆಂಡತಿಯರು ಬಂದು ಕೂರುತ್ತಾರೆ. ಒಬ್ಬಳು ನನ್ನಂಥವಳು, ಸಾಲದಲ್ಲೂ ಇಲ್ಲ, ಪತ್ರದಲ್ಲೂ ಇಲ್ಲ. ಇನ್ನೊಬ್ಬಳು ಸಂಬಳ ಇರುವವಳು. ಗಂಡನ ಸಂಬಳ ಸಾಲದು ಅಂತ ಅವಳ ಸ್ಲಿಪ್ಪನ್ನೂ ಸೇರಿಸಿ ದೊಡ್ಡ ಸಾಲ ತೆಗೆದಿರುತ್ತಾರೆ. ಪತ್ರ ಮಾತ್ರ ಗಂಡನ ಹೆಸರಲ್ಲಿ. ನನಗೆ ಮನೆ ಇಲ್ಲ, ಸಾಲವೂ ಇಲ್ಲ. ಅವಳಿಗೆ ಮನೆ ಇಲ್ಲ, ಪೂರ್ತಿ ಸಾಲ ಇದೆ.

ಹೋದ ವರ್ಷ ಒಬ್ಬ ನರ್ಸ್ ಬಂದಿದ್ದರು. ಗಂಡನಿಂದ ಬೇರೆ ಇದ್ದಾರೆ. ಅವರ ಸಂಬಳದ ಅಕೌಂಟಿನಿಂದ ತಿಂಗಳು ತಿಂಗಳು ಅರ್ಧ ಕಂತು ಕಟ್ ಆಗುತ್ತಿದೆ. ಮನೆಯಲ್ಲಿ ಅವನು ಇದ್ದಾನೆ. ‘ನನ್ನ ಹೆಸರು ಸಾಲದಿಂದ ತೆಗೆಸೋಕೆ ಯಾವ ಪತ್ರ ಮಾಡಿಸ್ಬೇಕು ಅಕ್ಕ?’ ಅಂತ ಕೇಳಿದರು. ಅಂಥ ಪತ್ರ ನಮ್ಮ ಅಂಗಡಿಯಲ್ಲಿ ಆಗುವುದಿಲ್ಲ. ಬ್ಯಾಂಕ್ ಒಪ್ಪಿದರೆ ಮಾತ್ರ. ಗಂಡನೊಬ್ಬನ ಸಂಬಳ ಆ ಸಾಲಕ್ಕೆ ಸಾಲದು ಅಂತಲೇ ಅಲ್ವಾ ಇವರನ್ನು ಸೇರಿಸಿದ್ದು? ಮತ್ತೆ ಬ್ಯಾಂಕ್ ಯಾಕೆ ಒಪ್ಪುತ್ತೆ? ಜಾಮೀನು ಹಾಕಿದವರ ಕಥೆಯೂ ಇಷ್ಟೇ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಏನೂ ಬರೆದಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರರದ್ದೂ ಅಷ್ಟೇ. ‘ಸುಮ್ನೆ ಫಾರ್ಮಾಲಿಟಿಗೆ ಒಂದು ಸೈನ್’ ಅಂತ ಹಾಕಿಸಿಕೊಳ್ಳುವ ಸಹಿ ಅದು.

ಗಂಡಸರೂ ಸಿಕ್ಕಿಕೊಳ್ಳುತ್ತಾರೆ, ಅದನ್ನೂ ಹೇಳಬೇಕು. ಮನೆ ಹೆಂಡತಿ ಹೆಸರಲ್ಲಿ, ಕಂತು ಪೂರ್ತಿ ಗಂಡನದು, ಆಮೇಲೆ ಮನಸ್ತಾಪ. ಅವನು ಬಂದು ‘ದುಡ್ಡೆಲ್ಲಾ ನಂದು’ ಅಂತಾನೆ. ಹದಿನೈದು ವರ್ಷದ ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದಿರುತ್ತಾನೆ. ನಾನು ಪತ್ರ ನೋಡುತ್ತೇನೆ. ಪತ್ರದಲ್ಲಿ ಇಲ್ಲ. ಅಂಥವನಿಗೆ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ವಿನಾಯಿತಿಯೂ ಸಿಗುವುದಿಲ್ಲ, ಯಾಕಂದ್ರೆ ಬಡ್ಡಿಯ 2 ಲಕ್ಷದ ವಿನಾಯಿತಿಗೆ ಮನೆಯ ಮಾಲೀಕನೂ ಆಗಿರಬೇಕು, ಸಾಲಗಾರನೂ ಆಗಿರಬೇಕು. ಜಂಟಿ ಮಾಲೀಕರು ಜಂಟಿ ಸಾಲಗಾರರಾಗಿದ್ದರೆ ಇಬ್ಬರಿಗೂ ಬೇರೆ ಬೇರೆ ಸಿಗುತ್ತೆ. ಆಡಿಟರ್‌ಗಳು ಜನರಿಗೆ ಇದೊಂದನ್ನು ಮಾತ್ರ ಚೆನ್ನಾಗಿ ವಿವರಿಸಿ ಹೇಳುತ್ತಾರೆ. ಈಗ ಹೊಸ ಪದ್ಧತಿಯಲ್ಲಿ ನಾವೇ ವಾಸ ಇರುವ ಮನೆಗೆ ಆ ವಿನಾಯಿತಿಯೇ ಇಲ್ಲ, ಹಾಗಾಗಿ ಅದನ್ನು ಹೇಳುವುದನ್ನೂ ಬಿಟ್ಟಿದ್ದಾರೆ.

ಒಬ್ಬರೇ ಸಾಲ ತೆಗೆಯುವುದೇ ತಪ್ಪು ಅಂತ ನಾನು ಹೇಳಲ್ಲ. ಕೆಲವು ಸಲ ಅದೇ ಬುದ್ಧಿವಂತಿಕೆ. ಗಂಡ ಯಾರಿಗೋ ಜಾಮೀನು ಹಾಕಿ ಸಿಬಿಲ್ ಸ್ಕೋರ್ ಹಾಳು ಮಾಡಿಕೊಂಡಿದ್ದರೆ ಹೆಂಡತಿಯೊಬ್ಬಳೇ ತೆಗೆಯುವುದೇ ವಾಸಿ. ಜಂಟಿ ಸಾಲದಲ್ಲಿ ಒಂದು ಕಂತು ತಪ್ಪಿದರೆ ಇಬ್ಬರ ಸ್ಕೋರೂ ಬೀಳುತ್ತೆ. ಸಾಲಗಾರ ತೀರಿಹೋದರೆ, ಸಹಿ ಹಾಕದ ಹೆಂಡತಿ ತನ್ನ ಸ್ವಂತ ದುಡಿಮೆಯಿಂದ ಕಟ್ಟಬೇಕಿಲ್ಲ, ಅವನಿಂದ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ ಹೊಣೆ. ಇದು ಸಣ್ಣ ವಿಷಯ ಅಲ್ಲ. ನನ್ನ ತಕರಾರು ಒಬ್ಬರ ಹೆಸರಲ್ಲಿ ಸಾಲ ಇರುವುದಕ್ಕಲ್ಲ. ಇನ್ನೊಬ್ಬರಿಗೆ ಏನೂ ತಿಳಿಯದಂತೆ ಇರುವುದಕ್ಕೆ.

ತಿಳಿಯದಿದ್ದರೆ ಏನಾಗುತ್ತೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 90 ದಿನ ಮೀರಿ ಕಂತು ನಿಂತರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ, ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಳ್ಳಲು ಇರುವ 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್. ನೋಟಿಸ್ ಬರುವುದು ಸಾಲಗಾರರಿಗೆ, ಜಾಮೀನುದಾರರಿಗೆ. ಸೇರಿಸಿದರೆ ಐದು ತಿಂಗಳಾಯಿತು. ಗಂಡ ಆ ನೋಟಿಸಿನ ಲಕೋಟೆಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟುಬಿಟ್ಟರೆ ಐದು ತಿಂಗಳೂ ಮನೆಯವರಿಗೆ ಸುಳಿವೇ ಇರುವುದಿಲ್ಲ. ಹೆಂಡತಿಗೆ ಗೊತ್ತಾಗುವುದು ಬ್ಯಾಂಕಿನವರು ಬಂದು ಬಾಗಿಲ ಮೇಲೆ ಸ್ವಾಧೀನದ ನೋಟಿಸ್ ಅಂಟಿಸಿದಾಗ. ಅದನ್ನು ಎರಡು ಪತ್ರಿಕೆಯಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದಾಗಿರಬೇಕು ಅಂತ ನಿಯಮ ಇದೆ. ಊರಿಗೆಲ್ಲ ಕನ್ನಡದಲ್ಲಿ ತಿಳಿಸುವ ನಿಯಮ ಇದೆ ನೋಡಿ. ಅದಕ್ಕೆ ಮುಂಚೆ ಮನೆಯೊಳಗೆ ಇರುವವರಿಗೆ ತಿಳಿಸುವುದು ಇಲ್ಲ. ಹಾಗೆ ಬಾಗಿಲಿನ ಕಾಗದವನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ‘ಇದರಲ್ಲಿ ಏನ್ ಬರ್ದಿದೆ ಓದಿ ಅಕ್ಕ’ ಅಂತ ಬಂದವರನ್ನು ನಾನು ನೋಡಿದ್ದೇನೆ. ಒಬ್ಬರಂತೂ ಬ್ಯಾಂಕಿನವರ ಗೋಂದು ಇನ್ನೂ ಒಣಗದ ಕಾಗದವನ್ನೇ ಕಿತ್ತು ತಂದಿದ್ದರು. ಹಾಗೆ ಕೀಳಬಾರದು ಅಂತ ಹೇಳಿ, ಸಾಲವಸೂಲಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬಹುದು, ಲಾಯರ್ ನೋಡಿ ಅಂತ ಕಳಿಸಿದೆ.

ಸಾವಿನ ವಿಷಯ ಇನ್ನೂ ತೊಡಕು. ಉಯಿಲು ಇಲ್ಲದೆ ಗಂಡ ಹೋದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳು, ಗಂಡನ ತಾಯಿ, ಎಲ್ಲರಿಗೂ ಸಮಪಾಲು. ಇಬ್ಬರು ಮಕ್ಕಳು, ಅತ್ತೆ ಇದ್ದರೆ ಹೆಂಡತಿಗೆ ಮನೆಯ ಕಾಲು ಭಾಗ. ಮಕ್ಕಳು ಚಿಕ್ಕವರಾದರೆ ಅವರ ಪಾಲನ್ನು ತಾಯಿ ಕೋರ್ಟಿನ ಅಪ್ಪಣೆ ಇಲ್ಲದೆ ಮಾರುವ ಹಾಗಿಲ್ಲ, ಅಡ ಇಡುವ ಹಾಗೂ ಇಲ್ಲ. ಸಾಲ ತೀರಿಸಲು ಮನೆ ಮಾರೋಣ ಅಂದರೂ ಅಪ್ಪಣೆ ಬರುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತೆ. ಆ ದಿನಗಳಲ್ಲಿ ಅವಳು ವಂಶವೃಕ್ಷಕ್ಕೆ ನಾಡಕಚೇರಿಗೆ ಅಲೆಯುತ್ತಿರುತ್ತಾಳೆ. ಬ್ಯಾಂಕಿನಲ್ಲಿ ಬಾಕಿ ಎಷ್ಟು ಅಂತ ಕೇಳಿದರೆ ಮೊದಲು ವಾರಸುದಾರರು ಅಂತ ಕಾಗದ ತನ್ನಿ ಅಂತಾರೆ. ಸಾಲಕ್ಕೆ ವಿಮೆ ಇತ್ತೇ, ಇಲ್ಲವೇ? ಅದನ್ನು ತಿಳಿದವನು ಈಗ ಇಲ್ಲ.

ನೀವು ಏನೂ ಮಾಡಿಲ್ಲ ಅಂತಲ್ಲ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ 2023ರಲ್ಲಿ ಆದೇಶ ಮಾಡಿದಿರಿ. ಅದರಿಂದ ನಮ್ಮ ಅಂಗಡಿಗೆ ಬರುವ ಎಷ್ಟೋ ಜನಕ್ಕೆ ಉಪಕಾರವಾಗಿದೆ, ನಿಜ ಹೇಳ್ತೀನಿ. ಸಾಲಗಾರ ತೀರಿಹೋದರೆ ವಾರಸುದಾರರಿಗೆ ಪತ್ರ ಹೇಗೆ ಕೊಡುತ್ತೀರಿ ಅಂತ ಬ್ಯಾಂಕುಗಳು ವೆಬ್‌ಸೈಟಿನಲ್ಲಿ ಹಾಕಬೇಕು ಅಂತಲೂ ಅದರಲ್ಲೇ ಇದೆ. 2024ರ ಅಕ್ಟೋಬರ್ 1ರಿಂದ ಬಡ್ಡಿ, ಖರ್ಚು ಎಲ್ಲ ಸೇರಿಸಿದ ಮುಖ್ಯಾಂಶಗಳ ಹಾಳೆಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂದಿರಿ. ತುಂಬಾ ಒಳ್ಳೆಯದು. ಆದರೆ ಎಲ್ಲ ಕಡೆ ‘ಸಾಲಗಾರರಿಗೆ’ ಅಂತಲೇ ಇದೆ. ಆ ಹಾಳೆ ನಮ್ಮಂಥವರ ಕೈಗೆ ಬರುವುದೇ ಇಲ್ಲ.

ಮದುವೆಯಾದವರ ಆಸ್ತಿ ಯಾರದು ಅನ್ನುವ ದೊಡ್ಡ ಪ್ರಶ್ನೆ ನಿಮ್ಮದಲ್ಲ, ಸಂಸತ್ತಿನದು. ಕಾರವಾರ ದಾಟಿ ಗೋವಾಕ್ಕೆ ಕಾಲಿಟ್ಟರೆ ಕಾನೂನೇ ಬೇರೆ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಇನ್ನೂ ಇದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಂಡಿಲ್ಲದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರದೂ ಹೌದು, ಮನೆ ಮಾರಲು ಇಬ್ಬರ ಒಪ್ಪಿಗೆ ಬೇಕು. ಗಡಿಯ ಈ ಕಡೆ ನಮಗೆ ಅದಿಲ್ಲ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಮನೆ ನೋಡಿಕೊಂಡ ಹೆಂಡತಿಗೂ ಗಂಡ ದುಡಿದು ಕೊಂಡ ಆಸ್ತಿಯಲ್ಲಿ ಸಮಪಾಲು ಇದೆ ಅಂತ ಒಂದು ಕೇಸಿನಲ್ಲಿ ಹೇಳಿತು. ಅದನ್ನು ಪೇಪರಿನಲ್ಲಿ ಓದಿದ ದಿನ ನಮ್ಮ ಅಂಗಡಿಯಲ್ಲಿ ಇಡೀ ಮಧ್ಯಾಹ್ನ ಅದೇ ಮಾತು. ನಮ್ಮ ಸಾಹುಕಾರರು ಮಾತ್ರ, ‘ಒಂದು ತೀರ್ಪು ಬಂದ್ರೆ ಎಲ್ಲಾ ಮನೆಗೂ ಬಂತಾ’ ಅಂದರು. ಅವರು ಹೇಳಿದ್ದೂ ಸರಿಯೇ.

ನಮ್ಮ ಮನೆಯ ಲೆಕ್ಕವನ್ನೇ ತಗೊಳ್ಳಿ. ಬಡ್ಡಿಯ ಏರಿಳಿತ ಬಿಟ್ಟು ಲೆಕ್ಕ ಹಾಕಿದರೆ, ಮೊದಲ ಐದು ವರ್ಷದಲ್ಲಿ ಇವರು ಕಟ್ಟಿದ್ದು 15 ಲಕ್ಷ 62 ಸಾವಿರ. ಅಸಲು ಇಳಿದಿದ್ದು ಮೂರೂವರೆ ಲಕ್ಷ ಚಿಲ್ಲರೆ. ಇನ್ನೂ 26 ಲಕ್ಷದ ಮೇಲೆ ಬಾಕಿ. ಆ ಐದು ವರ್ಷ ದಿನಸಿ, ಹಾಲು, ಮಕ್ಕಳ ವ್ಯಾನ್ ಫೀಸು, ಕರೆಂಟ್ ಬಿಲ್ಲು, ಅತ್ತೆಯ ಬಿಪಿ ಮಾತ್ರೆ, ಇವೆಲ್ಲ ನನ್ನ ಸಂಬಳದಲ್ಲಿ ನಡೆದಿವೆ. ಇದರಲ್ಲಿ ಯಾವುದನ್ನು ನಾನು ಕೊಡದಿದ್ದರೂ ಇವರಿಗೆ ಆ 26,035 ಕಟ್ಟಲು ಆಗುತ್ತಿರಲಿಲ್ಲ. ಇವರ ಕಂತಿಗೆ ಸ್ಟೇಟ್‌ಮೆಂಟ್ ಇದೆ. ನನ್ನ ಹಾಲಿನ ಲೆಕ್ಕ ಕ್ಯಾಲೆಂಡರ್ ಹಿಂದೆ ಇತ್ತು, ಯುಗಾದಿಗೆ ಹೊಸ ಕ್ಯಾಲೆಂಡರ್ ಹಾಕಿದಾಗ ಹಳೇದು ಒಲೆಗೆ ಹೋಯಿತು.

ನಾನು ಕೇಳುತ್ತಿರುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನಿಮ್ಮ ಒಂದು ಸುತ್ತೋಲೆ ಸಾಕು ಅಂದುಕೊಂಡಿದ್ದೇನೆ. ಮದುವೆಯಾದವರು ಒಬ್ಬರೇ ಗೃಹಸಾಲ ತೆಗೆಯುವಾಗ ಅರ್ಜಿಯಲ್ಲಿ ಒಂದು ಪ್ರಶ್ನೆ ಇರಲಿ: ಸಾಲದ ವಿವರವನ್ನು ನಿಮ್ಮ ಗಂಡ ಅಥವಾ ಹೆಂಡತಿಗೆ ಕೊಡಬಹುದೇ? ಹೌದು ಅಂತ ಸಹಿ ಹಾಕಿದರೆ ಬ್ಯಾಂಕಿಗೆ ಗುಟ್ಟಿನ ಭಯ ಇಲ್ಲ. ಬಾಕಿ ಎಷ್ಟು, ಅವಧಿ ಎಷ್ಟು ಬೆಳೆದಿದೆ, ವಿಮೆ ಇದೆಯಾ ಅಂತ ಅವರಿಗೂ ಹೇಳಬಹುದು. ಇಲ್ಲ ಅಂತ ಸಹಿ ಹಾಕುವವರೂ ಇರುತ್ತಾರೆ. ಇರಲಿ. ಕೇಳಿದ ಕಾರಣಕ್ಕಾದರೂ ಆ ರಾತ್ರಿ ಮನೆಯಲ್ಲಿ ಮಾತಾಗುತ್ತೆ.

ಆದರೆ 60 ದಿನದ ನೋಟಿಸಿಗೆ ಈ ಹೌದು, ಇಲ್ಲ ಅನ್ವಯಿಸಬಾರದು. ಅಡ ಇಟ್ಟಿರುವುದು ಕುಟುಂಬ ವಾಸ ಇರುವ ಮನೆಯಾದರೆ, ಅದರ ಒಂದು ಪ್ರತಿಯನ್ನು ಆ ವಿಳಾಸದಲ್ಲೇ ಇರುವ ಗಂಡ ಅಥವಾ ಹೆಂಡತಿಯ ಹೆಸರಿಗೂ ಕಳಿಸಲಿ. ಐದು ತಿಂಗಳ ಕೊನೆಗೆ ಬಾಗಿಲಿಗೆ ಅಂಟಿಸುವುದಕ್ಕಿಂತ ಒಂದು ಸ್ಪೀಡ್ ಪೋಸ್ಟ್ ದುಬಾರಿಯೇನಲ್ಲ. ಎಷ್ಟೋ ಹೆಂಗಸರ ಹತ್ತಿರ ಒಂದು ಎಳೆ ಚಿನ್ನ ಇರುತ್ತೆ, ತವರಿನ ಕಡೆ ಯಾರಾದರೂ ಇರುತ್ತಾರೆ. ಮೂರು ಕಂತು ಹೊಂದಿಸಿ ಕಟ್ಟಿಬಿಡುತ್ತಾರೆ. ಬ್ಯಾಂಕಿಗೂ ಲಾಭವೇ.

ಮತ್ತೆ ಆ ನರ್ಸ್ ಅಂಥವರಿಗೆ, ಅಂದರೆ ಸಾಲಕ್ಕೆ ಸಹಿ ಹಾಕಿ ಪತ್ರದಲ್ಲಿ ಹೆಸರಿಲ್ಲದವರಿಗೆ, ಸಹಿಗೆ ಮುಂಚೆ ಬೇರೆ ಒಂದು ಹಾಳೆ ಕೊಡಲಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಎರಡೇ ಸಾಲು: ‘ಈ ಮನೆಯಲ್ಲಿ ನಿಮಗೆ ಪತ್ರದ ಪ್ರಕಾರ ಪಾಲು ಇಲ್ಲ. ಈ ಸಾಲ ಪೂರ್ತಿ ತೀರುವವರೆಗೆ ನೀವೂ ಹೊಣೆ.’ ಐವತ್ತು ಪುಟದ ಕರಾರಿನಲ್ಲಿ ಇದು ಎಲ್ಲೋ ಇದ್ದೇ ಇರುತ್ತೆ ಅಂತ ಬ್ಯಾಂಕಿನವರು ಹೇಳಬಹುದು. ನಾನು ಪತ್ರ ಟೈಪ್ ಮಾಡುವವಳು ಸಾರ್. ಎಲ್ಲೋ ಇರುವುದನ್ನು ಯಾರೂ ಓದಲ್ಲ ಅಂತ ನನಗೆ ಹೇಳಿಕೊಡಬೇಡಿ.

ಇಂಗ್ಲೆಂಡಿನಲ್ಲಿ ಗಂಡನ ಸಾಲಕ್ಕೆ ಹೆಂಡತಿ ಜಾಮೀನು ನಿಲ್ಲುವಾಗ ಅವಳಿಗೆ ವಕೀಲರೊಬ್ಬರಿಂದ ತಿಳಿವಳಿಕೆ ಸಿಕ್ಕಿದೆಯೇ ಅಂತ ಬ್ಯಾಂಕ್ ಖಾತ್ರಿ ಮಾಡಿಕೊಳ್ಳಬೇಕು ಅಂತ 2001ರಲ್ಲೇ ಅಲ್ಲಿನ ಮೇಲಿನ ಕೋರ್ಟು ಹೇಳಿದೆಯಂತೆ. ನಮ್ಮ ಅಂಗಡಿಗೆ ಬರುವ ಯುವ ಲಾಯರೊಬ್ಬರು ತೋರಿಸಿದರು. ನಮಗೆ ಅಷ್ಟೆಲ್ಲ ಬೇಡ. ಮೇಲಿನ ಎರಡು ಸಾಲು ಸಾಕು.

ನಮ್ಮ ಮನೆಯ ವಿಷಯ ಏನಾಯ್ತು ಅಂತಲೂ ಹೇಳಿಬಿಡುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಇವರೇ ಕೇಳಿದರು, ‘ಅರ್ಧ ನಿನ್ನ ಹೆಸರಿಗೆ ಬರೆದುಕೊಡೋಣ, ಆಗುತ್ತಾ?’ ಆಗುತ್ತೆ ಅಂದೆ, ದಾನಪತ್ರ ಮಾಡಬಹುದು, ಆದರೆ ಮೂಲಪತ್ರ ಬ್ಯಾಂಕಿನಲ್ಲಿದೆ, ಅವರ ಎನ್‌ಓಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಬೇಕು. ಇಬ್ಬರೂ ಹೋಗಿ ಅರ್ಜಿ ಕೊಟ್ಟೆವು. ಪಾಲು ಬಂದರೆ ನೀವೂ ಜಂಟಿ ಸಾಲಗಾರರಾಗಬೇಕು ಅಂದರು. ಆಗ್ತೀನಿ ಅಂದೆ. ನಿಮ್ಮ ಇನ್‌ಕಮ್ ಪ್ರೂಫ್ ತನ್ನಿ ಅಂದರು. ಈಗ ನಮ್ಮ ಸಾಹುಕಾರರು ಸಂಬಳವನ್ನು ಬ್ಯಾಂಕಿಗೇ ಹಾಕುತ್ತಾರೆ, ಆರು ತಿಂಗಳ ಸ್ಟೇಟ್‌ಮೆಂಟ್ ಕೊಟ್ಟಿದ್ದೇನೆ. ಮೇಲಿನ ಆಫೀಸಿಗೆ ಕಳಿಸಿದ್ದೇವೆ ಅಂತಾರೆ. ನಾಲ್ಕು ತಿಂಗಳಾಯಿತು.

ದಾನಪತ್ರ ಟೈಪ್ ಮಾಡಿ ಇಟ್ಟಿದ್ದೇನೆ. ಚಕ್ಕುಬಂದಿ ಮೂರು ಸಲ ನೋಡಿದ್ದೇನೆ. ದಾನ ಪಡೆಯುವವರ ಜಾಗದಲ್ಲಿ ನನ್ನ ಹೆಸರು, ಮುಂದೆ ‘ಕೋಂ’ ಅಂತ ಹಾಕಿ ಇವರ ಹೆಸರು ಇದೆ. ತಾರೀಕಿನ ಜಾಗ ಖಾಲಿ ಬಿಟ್ಟಿದ್ದೇನೆ. ಸಾಕ್ಷಿಗಳ ಜಾಗವೂ ಖಾಲಿ ಇದೆ, ಅದಕ್ಕೆ ಈ ಸಲ ಬೇರೆ ಯಾರನ್ನಾದರೂ ಕರೆಯಬೇಕು.

ಇತಿ ನಮಸ್ಕಾರಗಳೊಂದಿಗೆ,
ತುಮಕೂರಿನ ಒಬ್ಬ ಟೈಪಿಸ್ಟ್